ಅಪ್ಪನ ಪೋಸ್ಟಿಂಗ್, ಮಗಳ ಪಾಠ

ಅಮೆರಿಕದ ಸೈನಿಕ ಕುಟುಂಬಗಳು ಎರಡು-ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುತ್ತವೆ. ಶಿಶುವಿಹಾರದಿಂದ ಹನ್ನೆರಡನೇ ತರಗತಿ ಮುಗಿಸುವಷ್ಟರಲ್ಲಿ ಆ ಮನೆಗಳ ಮಕ್ಕಳು ಸಾಮಾನ್ಯವಾಗಿ ಆರರಿಂದ ಒಂಬತ್ತು ಶಾಲೆಗಳನ್ನು ಕಂಡಿರುತ್ತಾರೆ. ಆ ದೇಶದಲ್ಲಿ ಏನು ಕಲಿಸಬೇಕೆಂದು ತೀರ್ಮಾನಿಸುವುದು ಆಯಾ ರಾಜ್ಯ. ಯಾವ ಪುಸ್ತಕದಿಂದ, ಯಾವ ತಿಂಗಳಲ್ಲಿ ಎಂಬುದು ಬಹುಮಟ್ಟಿಗೆ ಸ್ಥಳೀಯ ಶಿಕ್ಷಣ ಮಂಡಳಿಗೆ ಬಿಟ್ಟದ್ದು. ಒಂದೂರಿನ ಶಾಲೆ ಭಿನ್ನರಾಶಿಯನ್ನು ಅಕ್ಟೋಬರಿನಲ್ಲಿ ಮುಗಿಸಿದ್ದರೆ, ಇನ್ನೊಂದೂರಿನ ಶಾಲೆ ಫೆಬ್ರವರಿಯಲ್ಲಿ ಶುರುಮಾಡುತ್ತದೆ. ನಡುವೆ ಊರು ಬದಲಿಸಿದ ಹುಡುಗಿ ಅದನ್ನು ಎರಡು ಸಲ ಕಲಿಯಬಹುದು. ಇಲ್ಲವೇ ಒಮ್ಮೆಯೂ ಕಲಿಯದೆ ಮುಂದಿನ ವರ್ಷ ಬೀಜಗಣಿತದ ತರಗತಿಯಲ್ಲಿ ಕೂರಬಹುದು.

ಹೀಗೆ ಊರೂರು ಅಲೆಯುವ ಮಕ್ಕಳು ಓದಿನಲ್ಲಿ ಹಿಂದೆ ಬೀಳುವುದು ಸಹಜ ಎಂದೇ ಯಾರಿಗಾದರೂ ಅನ್ನಿಸುತ್ತದೆ. 2022ರಲ್ಲಿ ಬಂದ ಫಲಿತಾಂಶ ಹೇಳಿದ್ದು ಬೇರೆಯೇ. ಅಮೆರಿಕ ಸರ್ಕಾರ ನಾಲ್ಕನೆಯ ಮತ್ತು ಎಂಟನೆಯ ತರಗತಿಯ ಮಕ್ಕಳ ಓದು, ಗಣಿತ ಹೇಗಿದೆಯೆಂದು ದೇಶಾದ್ಯಂತ ಪರೀಕ್ಷೆ ನಡೆಸಿ ನೋಡುತ್ತದೆ. ಕೊರೊನಾ ಬಂದ ಮೇಲೆ ನಡೆದ ಆ ಮೊದಲ ಪರೀಕ್ಷೆಯಲ್ಲಿ ಎಂಟನೇ ತರಗತಿಯ ಓದುವ ಸಾಮರ್ಥ್ಯ 33 ರಾಜ್ಯ-ಆಡಳಿತ ಪ್ರದೇಶಗಳಲ್ಲಿ ಕುಸಿದಿತ್ತು. ಏರಿದ್ದು ಒಂದೇ ಒಂದು ಕಡೆ: ರಕ್ಷಣಾ ಇಲಾಖೆ ತನ್ನ ಯೋಧರ ಮಕ್ಕಳಿಗಾಗಿ ನಡೆಸುವ ಶಾಲೆಗಳಲ್ಲಿ. 500ರ ಮಾಪನದಲ್ಲಿ ದೇಶದ ಸಾರ್ವಜನಿಕ ಶಾಲೆಗಳ ಸರಾಸರಿ 259 ಆಗಿದ್ದರೆ ಈ ಮಕ್ಕಳದ್ದು 282. ಎರಡೂ ತರಗತಿಗಳ ಎರಡೂ ವಿಷಯಗಳಲ್ಲಿ ಅವರೇ ಮೊದಲು. 2024ರ ಪರೀಕ್ಷೆಯಲ್ಲೂ ಆ ಸ್ಥಾನ ಅಲುಗಲಿಲ್ಲ.

ಇದಕ್ಕಿಂತ ಹೆಚ್ಚು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅಮೆರಿಕದಲ್ಲಿ ಕಪ್ಪು ಜನಾಂಗದ ಮತ್ತು ಲ್ಯಾಟಿನ್ ಮೂಲದ ಮಕ್ಕಳ ಅಂಕಗಳು ಬಿಳಿಯರ ಮಕ್ಕಳ ಅಂಕಗಳಿಗಿಂತ ಕೆಳಗಿರುವುದು ದಶಕಗಳ ನೋವು. ಸೈನ್ಯದ ಶಾಲೆಗಳಲ್ಲೂ ಆ ಅಂತರ ಪೂರ್ತಿ ಅಳಿದಿಲ್ಲ. ಆದರೆ ಎಂಟನೇ ತರಗತಿಯ ಓದಿನಲ್ಲಿ ಅಲ್ಲಿನ ಕಪ್ಪು ಮತ್ತು ಲ್ಯಾಟಿನ್ ಮಕ್ಕಳು ದೇಶದ ಬಿಳಿಯ ಮಕ್ಕಳ ಸರಾಸರಿಯನ್ನೇ ದಾಟಿದ್ದಾರೆ.

ಈ ಶಾಲೆಗಳು ಹುಟ್ಟಿದ್ದು 1946ರಲ್ಲಿ. ಎರಡನೇ ಮಹಾಯುದ್ಧ ಮುಗಿದು ಜರ್ಮನಿ, ಜಪಾನ್‌ಗಳಲ್ಲಿ ಬೀಡುಬಿಟ್ಟ ಸೈನಿಕರ ಬಳಿಗೆ ಹೆಂಡತಿ-ಮಕ್ಕಳು ಬಂದರು. ಬಾಂಬು ಬಿದ್ದು ಹಾಳಾದ ಊರುಗಳಲ್ಲಿ, ಸಿಕ್ಕ ಕಟ್ಟಡಗಳಲ್ಲಿ ಪಾಠ ಶುರುವಾಯಿತು. ಇಂದು 11 ಹೊರದೇಶಗಳಲ್ಲಿ, ಅಮೆರಿಕದ 7 ರಾಜ್ಯಗಳಲ್ಲಿ, ಗುವಾಮ್ ಮತ್ತು ಪೋರ್ಟೊರಿಕೊ ದ್ವೀಪಗಳಲ್ಲಿ ಸುಮಾರು 160 ಶಾಲೆಗಳಿವೆ. 60 ಸಾವಿರಕ್ಕೂ ಮಿಕ್ಕಿ ಮಕ್ಕಳು ಓದುತ್ತಾರೆ. ಸೈನ್ಯದೊಳಗೆ ವರ್ಣಭೇದ ಕೂಡದೆಂದು ಅಧ್ಯಕ್ಷ ಟ್ರೂಮನ್ 1948ರಲ್ಲಿ ಆದೇಶ ಹೊರಡಿಸಿದರು. ಸೇನಾ ನೆಲೆಗಳ ಶಾಲೆಗಳಲ್ಲಿ ಬಿಳಿ-ಕಪ್ಪು ಮಕ್ಕಳನ್ನು ಬೇರೆ ಕೂರಿಸುವುದನ್ನು ನಿಲ್ಲಿಸಿ ಎಂದು ರಕ್ಷಣಾ ಕಾರ್ಯದರ್ಶಿ ಅಪ್ಪಣೆ ಕೊಟ್ಟದ್ದು 1954ರ ಜನವರಿಯಲ್ಲಿ. ಇಡೀ ದೇಶಕ್ಕೆ ಅದೇ ಮಾತನ್ನು ಸುಪ್ರೀಂ ಕೋರ್ಟ್ ಹೇಳಿದ್ದು ಆಮೇಲೆ, ಮೇ ತಿಂಗಳಲ್ಲಿ.

ಸೈನ್ಯದ ಶಾಲೆ ಎಂದೊಡನೆ ಬೂಟಿನ ಸದ್ದು, ಕವಾಯತು, ಗದರಿಕೆ ನೆನಪಾಗುತ್ತವೆ. ಇಲ್ಲಿ ಅದೇನೂ ಇಲ್ಲ; ಬೇರೆ ಯಾವುದೇ ಊರಿನ ಶಾಲೆಯಂತೆಯೇ ಇವೂ ಇವೆ. ಗೆಲುವಿಗೆ ಶಿಸ್ತೇ ಕಾರಣವೆಂದು ಹೇಳಿ ಮುಗಿಸಿಬಿಡುವುದು ಸುಲಭ, ಆದರೆ ತಪ್ಪು. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕ್ಲೇರ್ ಸ್ಮ್ರೇಕರ್ ಮತ್ತು ಸಂಗಡಿಗರು 2001ರಲ್ಲೇ ಈ ಶಾಲೆಗಳನ್ನು ಹೊಕ್ಕು ನೋಡಿ ವರದಿ ಬರೆದರು. ವರ್ಷವೊಂದರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಕ್ಕಳು ಬಂದುಹೋಗುವ ಶಾಲೆಗಳಿವು. ಆದರೂ ಕಲಿಕೆ ಕೆಡದಿರಲು ಅವರು ಕಂಡ ಕಾರಣಗಳು ಸರಳ: ಚಿಕ್ಕ ಶಾಲೆಗಳು, ಕೊರತೆಯಿಲ್ಲದ ಹಣ, ಶಿಕ್ಷಕರಿಗೆ ನಿರಂತರ ತರಬೇತಿ, ಎಲ್ಲ ಮಕ್ಕಳಿಂದಲೂ ಒಂದೇ ಮಟ್ಟದ ನಿರೀಕ್ಷೆ. ಗುರಿ ಮೇಲಿನಿಂದ ಬರುತ್ತಿತ್ತು, ಅದನ್ನು ಮುಟ್ಟುವ ದಾರಿಯನ್ನು ಶಾಲೆಯೇ ಆರಿಸಿಕೊಳ್ಳುತ್ತಿತ್ತು.

ಆ ವರದಿಯಲ್ಲಿ ಎದೆಗೆ ತಟ್ಟುವ ಒಂದು ವಿವರವಿದೆ. ಪೋಷಕರ ಸಭೆಯ ದಿನ ಸೈನಿಕ ರಜೆ ಕೇಳಿ ಒದ್ದಾಡಬೇಕಿರಲಿಲ್ಲ. ಆ ಹೊತ್ತಿಗೆ ನಿನ್ನ ಡ್ಯೂಟಿಯ ಜಾಗ ನಿನ್ನ ಮಗುವಿನ ಶಾಲೆ ಎಂದು ಮೇಲಧಿಕಾರಿಗಳೇ ನಿಗದಿ ಮಾಡುತ್ತಿದ್ದರು. ಕೂಲಿ ಕಳೆದುಕೊಳ್ಳದೆ, ಮಾಲೀಕನ ಮುಖ ನೋಡದೆ ಶಾಲೆಗೆ ಹೋಗಿ ಮಗುವಿನ ಬಗ್ಗೆ ಮಾತಾಡುವ ಅವಕಾಶ ಎಷ್ಟು ತಂದೆತಾಯಿಗಳಿಗಿದೆ?

2015ರ ಸುಮಾರಿಗೆ ಇನ್ನೊಂದು ದೊಡ್ಡ ಬದಲಾವಣೆ ಶುರುವಾಯಿತು. ಆಗ ಈ ಶಾಲೆಗಳ ಮುಖ್ಯಸ್ಥರಾಗಿದ್ದವರು ಥಾಮಸ್ ಬ್ರೇಡಿ. ಸೈನ್ಯದಿಂದ ನಿವೃತ್ತರಾಗಿ, ನಗರಗಳ ಸಾರ್ವಜನಿಕ ಶಾಲೆಗಳನ್ನು ನಡೆಸಿ ಅನುಭವವಿದ್ದವರು. ಎಲ್ಲ ಶಾಲೆಗಳಿಗೂ ಹೊಸ ಕಲಿಕಾ ಮಾನದಂಡಗಳನ್ನು ತರುವುದೆಂದು ತೀರ್ಮಾನವಾಯಿತು. ಹೊಸ ಪಠ್ಯಕ್ರಮಗಳು ಸಾಮಾನ್ಯವಾಗಿ ಸೋಲುವುದು ಅವಸರದಿಂದ. ಇಲ್ಲಿ ಹಾಗೆ ಮಾಡಲಿಲ್ಲ. ಮೊದಲು ಪ್ರಾಥಮಿಕ ತರಗತಿಗಳ ಗಣಿತ, ಅದು ಊರಿದ ಮೇಲೆ ಮುಂದಿನದು, ಹೀಗೆ ಹಲವು ವರ್ಷ ಹಿಡಿಯಿತು. ಪ್ರತಿ ಹೆಜ್ಜೆಗೂ ಮುಂಚೆ ಶಿಕ್ಷಕರಿಗೆ ತರಬೇತಿ ಕೊಟ್ಟರು. ಜಪಾನಿನ ಒಕಿನಾವಾದಿಂದ ಜರ್ಮನಿಗೆ, ಅಲ್ಲಿಂದ ಉತ್ತರ ಕ್ಯಾರೊಲಿನಾಕ್ಕೆ ಹೋದ ಮಗುವಿಗೆ ಶಿಕ್ಷಕಿ ಹೊಸಬಳು, ಬೆಂಚು ಹೊಸದು, ಆದರೆ ಪಾಠ ಗುರುತಿನದು.

ಈ ಗೆಲುವಿನ ಹಿಂದೆ ಶಾಲೆಯ ಗೋಡೆಯಾಚೆಗಿನ ಕಾರಣಗಳೂ ಇವೆ ಎಂಬುದನ್ನು ಮರೆಯುವಂತಿಲ್ಲ. ಈ ಮಕ್ಕಳ ಮನೆಯಲ್ಲಿ ಕನಿಷ್ಠ ಒಬ್ಬರಿಗೆ ಖಾಯಂ ಸಂಬಳವಿದೆ. ವಸತಿಗೆ ವ್ಯವಸ್ಥೆಯಿದೆ, ಕಾಯಿಲೆ ಬಿದ್ದರೆ ಚಿಕಿತ್ಸೆಗೆ ಸಾಲ ಮಾಡಬೇಕಿಲ್ಲ. ಸೈನ್ಯ ಸೇರಲು ಪರೀಕ್ಷೆ ಪಾಸಾದ ತಂದೆತಾಯಿ ಇವರು. ಶಿಕ್ಷಕರಿಗೆ ಒಳ್ಳೆಯ ಸಂಬಳವಿದೆ, ಅವರು ಬಿಟ್ಟುಹೋಗುವುದು ಕಡಿಮೆ. ಹಸಿವು, ಬಾಡಿಗೆ, ಆಸ್ಪತ್ರೆಯ ಚಿಂತೆ ಮನೆಯಿಂದ ಹೋದರೆ ಬಡವರ ಮಕ್ಕಳೂ ಎಷ್ಟು ಓದಬಲ್ಲರು ಎಂಬುದಕ್ಕೆ ಇದನ್ನೇ ಸಾಕ್ಷಿಯಾಗಿ ನೋಡಬೇಕು.

ಎಲ್ಲವೂ ಒಂದೇ ಕೈಯಲ್ಲಿರುವುದರ ಅಪಾಯವೂ ಈಚೆಗೆ ಕಂಡಿತು. 2025ರ ಆರಂಭದಲ್ಲಿ ಹೊಸ ಸರ್ಕಾರದ ಆದೇಶಗಳು ಬಂದಮೇಲೆ ಜನಾಂಗ, ಲಿಂಗದ ವಿಚಾರವುಳ್ಳ ಪುಸ್ತಕಗಳನ್ನು ಈ ಶಾಲೆಗಳ ಗ್ರಂಥಾಲಯಗಳಿಂದ ತೆಗೆದರು. ಏಪ್ರಿಲ್‌ನಲ್ಲಿ ಹನ್ನೆರಡು ವಿದ್ಯಾರ್ಥಿಗಳು ಮನೆಯವರ ಮೂಲಕ ನ್ಯಾಯಾಲಯಕ್ಕೆ ಹೋದರು. ಒಳ್ಳೆಯ ಪಾಠವನ್ನು ಏಕಕಾಲಕ್ಕೆ ಎಲ್ಲ ಶಾಲೆಗೂ ತಲುಪಿಸುವ ವ್ಯವಸ್ಥೆ, ಪುಸ್ತಕಗಳನ್ನೂ ಅಷ್ಟೇ ಬೇಗ ಕಿತ್ತುಕೊಳ್ಳಬಲ್ಲದು.

ಇಷ್ಟಕ್ಕೂ ಅಮೆರಿಕದ ಸೈನಿಕರ ಮಕ್ಕಳಲ್ಲಿ ಇಂಥ ಶಾಲೆಗೆ ಹೋಗುವವರು ಸ್ವಲ್ಪವೇ ಮಂದಿ. ನೂರಕ್ಕೆ 80ರಷ್ಟು ಮಕ್ಕಳು ಓದುವುದು ಸೇನಾ ನೆಲೆಯ ಸುತ್ತಲಿನ ಊರುಗಳ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ. ಅಲ್ಲಿನ ಕಷ್ಟ ಬೇರೆ ಬಗೆಯದು. ಶಾಲೆಗಳ ಹಣದಲ್ಲಿ ದೊಡ್ಡ ಪಾಲು ಬರುವುದು ಸ್ಥಳೀಯ ಆಸ್ತಿ ತೆರಿಗೆಯಿಂದ. ಸೇನಾ ನೆಲೆಯ ಭೂಮಿಗೆ ತೆರಿಗೆ ಇಲ್ಲ. ಮಕ್ಕಳು ಬರುತ್ತಾರೆ, ಅವರ ಪಾಲಿನ ಹಣ ಬರುವುದಿಲ್ಲ. ಈ ಕೊರತೆ ತುಂಬಲು ಕೇಂದ್ರ ಸರ್ಕಾರ 1950ರಿಂದಲೇ ನೆರವು ಕೊಡುತ್ತಿದೆ. ಆದರೂ 2011ರಲ್ಲಿ ಒಂದು ತನಿಖಾ ಪತ್ರಿಕಾ ಸಂಸ್ಥೆ ನೆಲೆಗಳೊಳಗಿನ ಶಾಲಾ ಕಟ್ಟಡಗಳ ಸ್ಥಿತಿಯನ್ನು ಬಯಲಿಗಿಟ್ಟಾಗ ದೇಶ ತಲೆತಗ್ಗಿಸಿತು. ಅಪ್ಪ ಯುದ್ಧದಲ್ಲಿ, ಮಕ್ಕಳು ಶಿಥಿಲ ಕಟ್ಟಡದಲ್ಲಿ. ಅದೇ ವರ್ಷ ಸಂಸತ್ತು 25 ಕೋಟಿ ಡಾಲರ್ ಬಿಡುಗಡೆ ಮಾಡಿತು. ನೆಲೆಗಳೊಳಗಿದ್ದು ಸ್ಥಳೀಯ ಮಂಡಳಿಗಳು ನಡೆಸುವ ಸುಮಾರು 160 ಶಾಲೆಗಳ ಪೈಕಿ ತೀರಾ ಹದಗೆಟ್ಟವನ್ನು ಮೊದಲು ಕಟ್ಟುವುದು, ಖರ್ಚಿನಲ್ಲಿ ನೂರಕ್ಕೆ 80 ಕೇಂದ್ರದ್ದು, 20 ಸ್ಥಳೀಯರದ್ದು ಎಂದಾಯಿತು.

ಹಣಕ್ಕಿಂತ ಹೆಚ್ಚು ಕಾಡಿದ್ದು ಕಾಗದಪತ್ರ. ಹಳೆಯ ಶಾಲೆಯಿಂದ ಮೊಹರಾದ ದಾಖಲೆ ಬಂದಿಲ್ಲ, ಕಾದಿರಿ. ನಮ್ಮಲ್ಲಿ ಈ ಲಸಿಕೆ ಕಡ್ಡಾಯ, ಹಾಕಿಸಿಕೊಂಡು ಬನ್ನಿ. ತಂಡದ ಆಯ್ಕೆ ಕಳೆದ ತಿಂಗಳೇ ಮುಗಿಯಿತು, ಮುಂದಿನ ವರ್ಷ ನೋಡೋಣ. ಹನ್ನೆರಡನೇ ತರಗತಿಯ ನಡುವೆ ಬಂದವರಿಗೆ ಇನ್ನೂ ಕಷ್ಟ. ನಮ್ಮ ರಾಜ್ಯದ ಇತಿಹಾಸ ಓದದಿದ್ದರೆ ಪ್ರಮಾಣಪತ್ರವಿಲ್ಲ ಎಂದು ಶಾಲೆ ಹೇಳಿದರೆ, ಎಲ್ಲ ವಿಷಯ ಪಾಸಾದ ಹುಡುಗನೂ ಒಂದು ವರ್ಷ ಕಳೆದುಕೊಳ್ಳಬೇಕು.

ಇದಕ್ಕೆ ಮದ್ದಾಗಿ 2006ರಿಂದ ರಾಜ್ಯಗಳ ನಡುವೆ ಒಂದು ಒಪ್ಪಂದದ ಕರಡು ಸಿದ್ಧವಾಯಿತು. 2008ರಲ್ಲಿ ಹತ್ತು ರಾಜ್ಯಗಳು ಒಪ್ಪಿ ಅದು ಜಾರಿಗೆ ಬಂತು. 2014ರ ಹೊತ್ತಿಗೆ ಐವತ್ತೂ ರಾಜ್ಯಗಳು ಸಹಿ ಹಾಕಿದ್ದವು. ಅದರ ನಿಯಮಗಳು ಯಾವ ತಾಯಿಗಾದರೂ ಅರ್ಥವಾಗುವಂಥವು. ಪೋಷಕರು ಕೈಯಲ್ಲಿ ತಂದ ನಕಲು ದಾಖಲೆ ನೋಡಿಯೇ ಮಗುವನ್ನು ಸೇರಿಸಿಕೊಳ್ಳಬೇಕು. ಲಸಿಕೆಗೆ 30 ದಿನ ಸಮಯ ಕೊಡಬೇಕು. ಹಳೆಯ ಶಾಲೆಯಲ್ಲಿ ಯಾವ ಮಟ್ಟದ ಗಣಿತ ಓದುತ್ತಿದ್ದಳೋ ಇಲ್ಲೂ ಮೊದಲು ಅಲ್ಲೇ ಕೂರಿಸಿ, ಆಮೇಲೆ ಪರೀಕ್ಷಿಸಬೇಕು. ಬೇರೆ ರಾಜ್ಯದಲ್ಲಿ ಅಂಥದೇ ಪಾಠ ಓದಿದ್ದರೆ ಇಲ್ಲಿನ ಕಡ್ಡಾಯ ವಿಷಯಕ್ಕೆ ವಿನಾಯಿತಿ. ಅದೂ ಸಾಧ್ಯವಾಗದಿದ್ದರೆ ಹಳೆಯ ಶಾಲೆಯೇ ಪ್ರಮಾಣಪತ್ರ ಕೊಡಲು ನೋಡಬೇಕು. ಅಪ್ಪನೋ ಅಮ್ಮನೋ ಯುದ್ಧಭೂಮಿಗೆ ಹೊರಡುವ ಮುನ್ನ, ಅಲ್ಲಿಂದ ಬಂದಾಗ, ಮಗುವಿಗೆ ರಜೆ ಕೊಡಬಹುದು. ದೊಡ್ಡ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಗುಮಾಸ್ತರ ಮೇಜಿನ ಮುಂದೆ ಮಗು ನಿಲ್ಲುವುದು ತಪ್ಪಿತು. ಈ ಬಗೆಯ ಸುಧಾರಣೆಗೆ ಸಿಗಬೇಕಾದಷ್ಟು ಮನ್ನಣೆ ಸಿಗುವುದಿಲ್ಲ.

ಕಾಗದ ಸರಿಹೋದರೂ ಮನಸ್ಸಿನ ಮಾತು ಬಾಕಿ ಇರುತ್ತದೆ. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳ ಕಾಲದಲ್ಲಿ ಒಬ್ಬನೇ ಸೈನಿಕ ಮತ್ತೆ ಮತ್ತೆ ಹೋಗಬೇಕಾಯಿತು. ರ‍್ಯಾಂಡ್ ಸಂಶೋಧನಾ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಟ್ಟು 19 ತಿಂಗಳು ಇಲ್ಲವೇ ಅದಕ್ಕಿಂತ ಹೆಚ್ಚು ಕಾಲ ತಂದೆಯೋ ತಾಯಿಯೋ ದೂರವಿದ್ದ ಮಕ್ಕಳ ಅಂಕಗಳು ಉಳಿದ ಸೈನಿಕ ಮಕ್ಕಳಿಗಿಂತ ಕಡಿಮೆ ಇದ್ದವು. ಎಷ್ಟೋ ಶಾಲೆಗಳಿಗೆ ತಮ್ಮಲ್ಲಿ ಯಾರು ಸೈನಿಕರ ಮಕ್ಕಳು ಎಂಬುದೇ ತಿಳಿದಿರಲಿಲ್ಲ. 2015ರ ಹೊಸ ಶಿಕ್ಷಣ ಕಾಯ್ದೆ ಪ್ರತಿ ರಾಜ್ಯವೂ ಈ ಮಕ್ಕಳನ್ನು ದಾಖಲೆಯಲ್ಲಿ ಗುರುತಿಸಿ ಅವರ ಕಲಿಕೆಯ ಲೆಕ್ಕ ಇಡಬೇಕೆಂದಿತು. ಟೆಕ್ಸಸ್‌ನಲ್ಲಿ ಹುಟ್ಟಿದ ಒಂದು ಸ್ವಯಂಸೇವಾ ಸಂಸ್ಥೆ ಮಕ್ಕಳಿಂದಲೇ ಮಕ್ಕಳನ್ನು ಬರಮಾಡಿಕೊಳ್ಳುವ ಕೂಟಗಳನ್ನು ಶಾಲೆಗಳಲ್ಲಿ ಕಟ್ಟಿತು. ಹೊಸ ಹುಡುಗನಿಗೆ ಮೊದಲ ದಿನ ಬೇಕಾದದ್ದು ಸಲಹೆಗಾರರ ಕೋಣೆಯಲ್ಲ, ಊಟದ ಹೊತ್ತಿಗೆ ಪಕ್ಕದಲ್ಲಿ ಕೂರುವ ಒಬ್ಬ ಗೆಳೆಯ. ಇದನ್ನು ಬಲ್ಲವರು ರೂಪಿಸಿದ ಏರ್ಪಾಡು ಅದು.

ಭಾರತದಲ್ಲಿ ಇದೇ ತೊಂದರೆಗೆ ಉತ್ತರ ಹುಡುಕಿದ್ದು ಅರವತ್ತು ವರ್ಷಗಳ ಹಿಂದೆ. ಅದರ ಹೆಸರು ಮನೆಮನೆಗೂ ಗೊತ್ತು, ಮೂಲ ಮಾತ್ರ ಕೆಲವರಿಗೇ ಗೊತ್ತು. ಎರಡನೇ ವೇತನ ಆಯೋಗದ ಶಿಫಾರಸಿನ ಮೇಲೆ 1962ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸೈನ್ಯದ ರೆಜಿಮೆಂಟುಗಳು ತಮ್ಮ ಜವಾನರ ಮಕ್ಕಳಿಗಾಗಿ ಅಲ್ಲಲ್ಲಿ ನಡೆಸುತ್ತಿದ್ದ 20 ಶಾಲೆಗಳನ್ನು 1963ರಲ್ಲಿ ವಹಿಸಿಕೊಂಡಿತು. ಅವೇ ಮೊದಲ ಕೇಂದ್ರೀಯ ವಿದ್ಯಾಲಯಗಳು. ಈಗ ಅವು 1,250ಕ್ಕೂ ಹೆಚ್ಚಿವೆ. ಒಂದೇ ಪಠ್ಯ, ಒಂದೇ ವೇಳಾಪಟ್ಟಿ. ಪ್ರವೇಶದಲ್ಲಿ ಆದ್ಯತೆ ಕೊಡುವಾಗ ಹಿಂದಿನ ಏಳು ವರ್ಷಗಳಲ್ಲಿ ತಂದೆಗೋ ತಾಯಿಗೋ ಎಷ್ಟು ಸಲ ವರ್ಗವಾಗಿದೆ ಎಂದು ಎಣಿಸುತ್ತಾರೆ. ಸಾಮಾನ್ಯ ಶಾಲೆಯಲ್ಲಿ ಹೊರೆಯೆನಿಸುವ ವರ್ಗಾವಣೆ ಇಲ್ಲಿ ಮಗುವಿನ ಪರವಾಗಿ ನಿಲ್ಲುತ್ತದೆ.

ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ. ಬೆಂಗಳೂರಿನ ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನೆಯ ಸರಬರಾಜು ದಳದ ಎಎಸ್‌ಸಿ ಸೆಂಟರ್, ಜಾಲಹಳ್ಳಿ ಮತ್ತು ಯಲಹಂಕದ ವಾಯುನೆಲೆಗಳು, ಬೆಳಗಾವಿಯ ಮರಾಠಾ ರೆಜಿಮೆಂಟ್, ಬೀದರಿನ ವಾಯುನೆಲೆ, ಕಾರವಾರದ ನೌಕಾನೆಲೆ ಇವೆಲ್ಲ ದೇಶದ ನಾನಾ ಮೂಲೆಗಳ ಕುಟುಂಬಗಳನ್ನು ಕರ್ನಾಟಕಕ್ಕೆ ಕರೆತರುತ್ತವೆ. ಇವುಗಳ ಆಸುಪಾಸಿನ ಕೇಂದ್ರೀಯ ವಿದ್ಯಾಲಯಗಳ ಜೊತೆಗೆ ಆರ್ಮಿ ಪಬ್ಲಿಕ್ ಸ್ಕೂಲುಗಳೂ ಇವೆ. 1983ರಲ್ಲಿ ನೋಂದಣಿಯಾದ ಸೈನ್ಯದ್ದೇ ಶಿಕ್ಷಣ ಸಂಸ್ಥೆಯೊಂದು ದೇಶದಲ್ಲಿ 130ಕ್ಕೂ ಹೆಚ್ಚು ಇಂಥ ಶಾಲೆಗಳನ್ನು ನೋಡಿಕೊಳ್ಳುತ್ತದೆ. ಇನ್ನು ಬೆಳಗಾವಿ ಮತ್ತು ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳು 1945, 1946ರಲ್ಲಿ ಜವಾನರ ಮಕ್ಕಳಿಗೆಂದೇ ತೆರೆದವು. ಇಂದಿಗೂ ನೂರಕ್ಕೆ 70 ಸೀಟು ಜವಾನರ ಮತ್ತು ಜೆಸಿಓಗಳ (ಕಿರಿಯ ಕಮಿಷನ್ಡ್ ಅಧಿಕಾರಿಗಳ) ಮಕ್ಕಳಿಗೆ ಮೀಸಲು. ವಿಜಯಪುರ ಮತ್ತು ಕೊಡಗಿನ ಕೂಡಿಗೆಯ ಸೈನಿಕ ಶಾಲೆಗಳನ್ನು ಜನ ಇವುಗಳ ಜೊತೆ ಸೇರಿಸಿಬಿಡುತ್ತಾರೆ. ಅವುಗಳ ಗುರಿ ಅಧಿಕಾರಿಗಳಾಗುವ ಮಕ್ಕಳನ್ನು ತಯಾರು ಮಾಡುವುದು. ಅಲ್ಲಿ ಸೈನಿಕರ ಮಕ್ಕಳಿಗೆ ಮೀಸಲಿರುವುದು ಸೀಟುಗಳ ಒಂದು ಪಾಲು ಮಾತ್ರ.

ವ್ಯವಸ್ಥೆ ಇದೆ, ಕೊರತೆಯೂ ಇದೆ. ಆರ್ಮಿ ಶಾಲೆಗಳ ಶಿಕ್ಷಕಿಯರಲ್ಲಿ ಅನೇಕರು ಯೋಧರ ಪತ್ನಿಯರೇ. ಮಕ್ಕಳ ಕಷ್ಟ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೆ ಗಂಡನಿಗೆ ವರ್ಗವಾದ ದಿನ ಅವರೂ ಹೊರಡುತ್ತಾರೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಖಾಲಿ ಹುದ್ದೆಗಳನ್ನು ಗುತ್ತಿಗೆ ಶಿಕ್ಷಕರಿಂದ ತುಂಬುತ್ತಾರೆ, ಅವರ ಅವಧಿಯೂ ವರ್ಷಕ್ಕೆ ಮುಗಿಯುತ್ತದೆ. ಮಗು ಅಲೆಯುವುದನ್ನು ತಪ್ಪಿಸಲಾಗದಿದ್ದರೆ ಶಿಕ್ಷಕರಾದರೂ ನಿಲ್ಲಬೇಕು. ಅಮೆರಿಕದ ಅನುಭವದಿಂದ ಎತ್ತಿಕೊಳ್ಳಬೇಕಾದ ಮೊದಲ ಸಂಗತಿ ಇದೇ.

ಸಿಯಾಚಿನ್‌ಗೋ ಗಡಿಯ ಫೀಲ್ಡ್ ಏರಿಯಾಕ್ಕೋ ಹೋದ ಜವಾನನ ಕುಟುಂಬ ಜೊತೆಗೆ ಹೋಗುವಂತಿಲ್ಲ. ಹೆಂಡತಿ-ಮಕ್ಕಳು ಕೆಲವೊಮ್ಮೆ ಕಂಟೋನ್ಮೆಂಟಿನ ಕ್ವಾರ್ಟರ್ಸ್‌ನಲ್ಲಿ ಉಳಿಯುತ್ತಾರೆ, ಎಷ್ಟೋ ಸಲ ಕೊಡಗಿನ, ಬೆಳಗಾವಿಯ, ಗದಗದ ತಮ್ಮ ಹಳ್ಳಿಗೆ ಮರಳುತ್ತಾರೆ. ಅಲ್ಲಿ ಮಗು ಸೇರುವುದು ಊರಿನ ಶಾಲೆಗೆ. ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಜಾಗದಲ್ಲಿ ಬರೆದ ಒಂದು ಪದ ಕಚೇರಿಯ ಕಡತ ಸೇರುತ್ತದೆ. ಫೋನು ಬಾರದ ವಾರದಲ್ಲಿ ಹುಡುಗ ಯಾಕೆ ಮಂಕಾಗಿದ್ದಾನೆಂದು ತರಗತಿಯ ಟೀಚರಿಗೆ ಗೊತ್ತಾಗಬೇಕಾದರೆ ಆ ಪದ ಅವರವರೆಗೂ ಬರಬೇಕು.

ನಮ್ಮಲ್ಲಿ ಇನ್ನೊಂದು ತೊಡಕು ಅಮೆರಿಕದವರಿಗೆ ಇಲ್ಲದ್ದು: ಭಾಷೆ. ಅಂಬಾಲಾದಿಂದ ಆರನೇ ತರಗತಿಗೆ ಬೆಂಗಳೂರಿಗೆ ಬಂದು ಖಾಸಗಿ ಶಾಲೆ ಸೇರುವ ಮಗು, ಒಂದನೇ ತರಗತಿಯಿಂದ ಕನ್ನಡ ಓದಿದವರ ನಡುವೆ ಅ, ಆ ತಿದ್ದಬೇಕು. ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದ ರಾಜ್ಯದ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಸರಿಯಾದದ್ದೇ; ನಡುವೆ ಬಂದವರಿಗೆ ಸೇತುವೆಯಾಗುವ ಒಂದು ಪುಸ್ತಕ, ಕೆಲವು ತಿಂಗಳ ವಿಶೇಷ ಪಾಠ ಇದ್ದರೆ ಆ ಮಗುವಿಗೆ ಕನ್ನಡ ಭಯವಾಗದೆ ನಂಟಾಗುತ್ತದೆ. ತಿರುಗುಮುರುಗಾದ ಕಥೆ ಕನ್ನಡಿಗ ಜವಾನರದು. ಜೋಧಪುರ, ಪಠಾಣ್‌ಕೋಟ್, ತೇಜ್‌ಪುರ ಎಂದು ಸುತ್ತುವ ಅವರ ಮಕ್ಕಳಿಗೆ ಹಿಂದಿ, ಇಂಗ್ಲಿಷ್, ಸಂಸ್ಕೃತ ಬರುತ್ತದೆ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಸಾಕಷ್ಟು ಪೋಷಕರು ಕೇಳಿದರೆ ಪ್ರಾದೇಶಿಕ ಭಾಷೆ ಕಲಿಸಲು ಕೇಂದ್ರೀಯ ವಿದ್ಯಾಲಯದ ನಿಯಮ ಅವಕಾಶ ಕೊಡುತ್ತದೆ. ಆದರೆ ಒಂದೇ ಶಾಲೆಯಲ್ಲಿ ಅಷ್ಟು ಮಂದಿ ಕನ್ನಡದ ಮಕ್ಕಳು ಸಿಗುವುದು ಕರ್ನಾಟಕದ ಹೊರಗೆ ಕಷ್ಟ.

ಚಿಕ್ಕ ನೆಲೆಗಳಲ್ಲಿ ಇಬ್ಬರು-ಮೂವರಿಗಷ್ಟೇ ಬೇಕಾದ ವಿಷಯಗಳಿಗಾಗಿ ಅಮೆರಿಕದ ರಕ್ಷಣಾ ಇಲಾಖೆ ಆನ್‌ಲೈನ್ ಪ್ರೌಢಶಾಲೆಯೊಂದನ್ನೇ ನಡೆಸುತ್ತದೆ. ಅದರ ಶಿಕ್ಷಕರು ಏಷ್ಯಾ, ಯುರೋಪು, ಅಮೆರಿಕದ ಗಡಿಯಾರಗಳನ್ನು ಹೊಂದಿಸಿಕೊಂಡು ಪಾಠ ಮಾಡುತ್ತಾರೆ. ಭಾರತದಲ್ಲಿ ಗಡಿಯಾರ ಒಂದೇ. ಬೆಂಗಳೂರಿನ ಒಂದು ಕೇಂದ್ರೀಯ ವಿದ್ಯಾಲಯದಲ್ಲಿ ಕೂತ ಒಬ್ಬ ಕನ್ನಡ ಶಿಕ್ಷಕಿ ವಾರಕ್ಕೆರಡು ಸಂಜೆ ಜೋಧಪುರದ ಇಬ್ಬರಿಗೆ, ತೇಜ್‌ಪುರದ ಒಬ್ಬಳಿಗೆ, ಪಠಾಣ್‌ಕೋಟಿನ ನಾಲ್ವರಿಗೆ ಒಟ್ಟಿಗೆ ಅಕ್ಷರ ಕಲಿಸಬಹುದು. ಅಪ್ಪನಿಗೆ ವರ್ಗವಾದರೂ ಮಗಳ ಆ ತರಗತಿ, ಆ ಶಿಕ್ಷಕಿ ಬದಲಾಗಬೇಕಿಲ್ಲ. ಕೇಂದ್ರೀಯ ವಿದ್ಯಾಲಯ ಸಂಘಟನೆ ಮತ್ತು ಕರ್ನಾಟಕದ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಒಂದು ಮೇಜಿನ ಸುತ್ತ ಕೂತರೆ ಮುಂದಿನ ಏಪ್ರಿಲ್‌ಗೆ ಇದನ್ನು ಶುರುಮಾಡಲು ಬೇಕಾದ್ದೆಲ್ಲ ಈಗಾಗಲೇ ಇದೆ.